ಕಾಯಕದ ಕೈಗೆ ಪೆಟ್ಟಾದಾಗ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಾಯಕದ ಬಗ್ಗೆ ಈ ವೇದಿಕೆಯಲ್ಲಿ ಬಹಳ ಮಾತಾಗಿದೆ. ಇವತ್ತು ಕಾಯಕ ಮಾಡುವ ಕೈಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾನು ಮೂವತ್ತು ವರ್ಷ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವನು. ನನ್ನಿಂದ ಪಾಂಡಿತ್ಯ ನಿರೀಕ್ಷಿಸಬೇಡಿ.

ಕಲ್ಲು, ಟೈಲ್ಸ್, ಕಬ್ಬಿಣ ಕೊಯ್ಯುವ ಗ್ರೈಂಡರನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ಇಂಚಿನ ಮಷಿನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದಕ್ಕೊಂದು ಗಾರ್ಡ್ ಇರುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಮೊದಲ ದಿನವೇ ಅದನ್ನು ಬಿಚ್ಚಿಡುತ್ತಾರೆ. ಕೆಲವರು ಅದೇ ಮಷಿನ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುತ್ತಾರೆ. ಹಲ್ಲು ಮರದಲ್ಲಿ ಕಚ್ಚಿಕೊಂಡಿತೆಂದರೆ ಮಷಿನ್ ಕೈಮೀರಿ ಹಿಂದಕ್ಕೆ ಜಿಗಿಯುತ್ತದೆ. ಆಗ ಬೆರಳೋ, ತೊಡೆಯೋ, ಮುಖವೋ, ಸಿಕ್ಕಿದ್ದಕ್ಕೆ ಪೆಟ್ಟು.

ಬೆರಳು ತುಂಡಾದರೆ ಅದನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬೇಡಿ, ಮಾಂಸ ಹೆಪ್ಪುಗಟ್ಟಿ ಕೆಡುತ್ತದೆ. ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಒಯ್ಯಿರಿ. ಬೆರಳು ಜೋಡಿಸುವ ಸೌಲಭ್ಯ ಇದೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿರಿ.

ಆಸ್ಪತ್ರೆಯಿಂದ ಬಂದ ಮೇಲಿನ ಮಾತು ಬೇರೆ. ಅದನ್ನೇ ಹೇಳಲು ನಾನು ನಿಂತದ್ದು.

ನಮ್ಮ ಓಣಿಯಲ್ಲಿ ಒಬ್ಬ ಬಡಗಿ. ಎಡಗೈ ಹೆಬ್ಬೆರಳು ಹೋಯಿತು, ಪಕ್ಕದ ಎರಡು ಬೆರಳು ಸೆಟೆದುಕೊಂಡವು. ಚಳಿಗಾಲದ ಮುಂಜಾನೆ ಇಲ್ಲದ ಬೆರಳೇ ನೋಯುತ್ತದೆ ಅಂತಾನೆ. ಡಾಕ್ಟರು ಇದು ಹಲವರಿಗೆ ಆಗುವುದೇ ಅಂದರು. ಬಂದವರು ಏನಂದರು ಗೊತ್ತೇ? "ಪೂರ್ವಜನ್ಮದ ಕರ್ಮ, ಏನು ಮಾಡೋದು." ಮನೆಯಲ್ಲಿ ಬಸವಣ್ಣನವರ ಫೋಟೋ ಇಟ್ಟವರ ಬಾಯಲ್ಲೇ ಈ ಮಾತು! ಗಾರ್ಡ್ ಬಿಚ್ಚಿಸಿದ ಮಾಲೀಕನ ಕರ್ಮ ಯಾರೂ ಕೇಳಲಿಲ್ಲ.

ಅವನು ಮಠಕ್ಕೆ ಬರುವುದನ್ನೂ ಬಿಟ್ಟ. ಇಷ್ಟಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ. ನಾಲ್ಕು ಜನರ ನಡುವೆ ಆ ಕೈ ಚಾಚಲು ನಾಚಿಕೆ. ಕರಸ್ಥಲ ಅಂದರೆ ಸುಂದರವಾದ ಕೈ ಎಂದು ಯಾವ ಶರಣರು ಹೇಳಿದ್ದಾರೆ? ಆದರೆ ಇದನ್ನು ಅವನ ಮನೆಗೆ ಹೋಗಿ ಹೇಳಬೇಕು, ವೇದಿಕೆಯಿಂದಲ್ಲ.

ಹೇಳಿದರಷ್ಟೇ ಸಾಲದು, ದುಡಿಮೆಯ ಲೆಕ್ಕವೂ ಸಿಗಬೇಕು. 1923ರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಪೂರ್ತಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14 ಎಂದು ದುಡಿಯುವ ಶಕ್ತಿಯ ನಷ್ಟ ಬರೆದಿತ್ತು. ಆದರೆ 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂತು. ಕೆಲಸದಲ್ಲಿ ಬಿದ್ದು, ಎಡಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಗಿತ್ತು. ಒಂದು ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ತಿ ನೂರು ಎಂದು ಕೋರ್ಟು ಹೇಳಿತು. ಪರಿಹಾರ ಅಪಘಾತದ ದಿನದಿಂದಲೇ ಸಲ್ಲಬೇಕೆಂದೂ ಹೇಳಿತು. ಕೋರ್ಟು ಅಳೆದದ್ದು ಮಾಂಸವನ್ನಲ್ಲ, ಆ ಮನುಷ್ಯನ ಕಾಯಕವನ್ನು.

ಇಎಸ್‌ಐ ಇದ್ದವರಿಗೆ ಕೆಲಸದಲ್ಲಾದ ಗಾಯಕ್ಕೆ ಸೇರಿದ ದಿನದಿಂದಲೇ ರಕ್ಷಣೆ ಇದೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಸುಮಾರು ಶೇ. 90 ಸಿಗುತ್ತದೆ. ಇಷ್ಟಿದ್ದರೂ ನಮ್ಮವರು ಐದೋ ಹತ್ತೋ ಸಾವಿರ ಇಸಿದುಕೊಂಡು ಖಾಲಿ ಕಾಗದಕ್ಕೆ ಸಹಿ ಹಾಕಿ ಬರುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ "ಮನೆಯಲ್ಲಿ ಬಿದ್ದು ಗಾಯ" ಎಂದು ಬರೆಸುತ್ತಾರೆ. ಒಮ್ಮೆ ಹಾಗೆ ಬರೆಸಿದರೆ ಮುಂದೆ ಸಾಬೀತು ಮಾಡುವುದು ಬಹಳ ಕಷ್ಟ. ದಯವಿಟ್ಟು ಬರೆಸಬೇಡಿ.

ಮೇದಾರ ಕೇತಯ್ಯನವರು ಬಿದಿರಿನಿಂದ ಗಾಯಗೊಂಡು ಪ್ರಾಣ ಬಿಟ್ಟ ಕಥೆ ಕೇಳಿದ್ದೀರಿ. ಸುದ್ದಿ ತಿಳಿದು ಬಸವಣ್ಣನವರೂ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಮುಂದಿನ ಪವಾಡ ಬಿಡಿ. ಒಬ್ಬ ಮೇದಾರನಿಗಾದ ಪೆಟ್ಟು ಮಹಾಮನೆಯ ಯಜಮಾನನಿಗೆ ತಾಗಿತು ಎಂಬಷ್ಟನ್ನು ಹಿಡಿದುಕೊಳ್ಳೋಣ.

ಕೊನೆಗೆ ಪೂಜ್ಯರಲ್ಲಿ ಒಂದು ಅರಿಕೆ. ನಮ್ಮ ದಾಸೋಹ ಭವನದ ಹಿಂದೆ ಹೊಸ ಕೋಣೆಗಳ ಕೆಲಸ ನಡೆದಿದೆ. ಒಳಗೆ ಬರುವಾಗ ನೋಡಿದೆ, ಗ್ರಾನೈಟ್ ಕೊಯ್ಯುತ್ತಿದ್ದ ಇಬ್ಬರು ಹುಡುಗರ ಮಷಿನ್‌ಗೂ ಗಾರ್ಡ್ ಇಲ್ಲ. ಕಂಟ್ರಾಕ್ಟರನ್ನು ಇವತ್ತೇ ಕರೆಸಿ, ಗಾರ್ಡ್ ಹಾಕಿಸುವವರೆಗೆ ಕೆಲಸ ನಿಲ್ಲಿಸಬೇಕು. ಆ ಹುಡುಗರ ವಿಮೆಯ ಕಾಗದವನ್ನೂ ಕೇಳಿ ನೋಡಬೇಕು. ನಿಂತ ದಿನದ ಕೂಲಿ ಹುಡುಗರಿಗೆ ತಪ್ಪಬಾರದು. ಅದನ್ನು ನಾನು ಕೊಡುತ್ತೇನೆ.