ಗುರುಸ್ಮರಣೆಯೂ ಹೊಣೆಗಾರಿಕೆಯೂ



ಇಂದು ಜನವರಿ 21. ತುಮಕೂರು ಸಿದ್ಧಗಂಗಾ ಮಠದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾದ ದಿನ. 111 ವರ್ಷಗಳ ತುಂಬುಬಾಳು ಬಾಳಿದ ಆ ಪೂಜ್ಯರ ಸ್ಮರಣೆಗೆಂದು ನಾವೆಲ್ಲ ಇಲ್ಲಿ ಕೂಡಿದ್ದೇವೆ. ಭಾವಚಿತ್ರಕ್ಕೆ ಹೂಮಾಲೆ ಹಾಕಿದ್ದಾಯಿತು, ಮಂಗಳಾರತಿಯಾಯಿತು. ಇಷ್ಟಕ್ಕೆ ಸ್ಮರಣೆ ಮುಗಿಯಿತೆ? ಇದನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಆ ದಿನದ ಒಂದು ಸಂಗತಿ ನಿಮಗೆ ತಿಳಿದದ್ದೇ. ಪೂಜ್ಯರು ಲಿಂಗೈಕ್ಯರಾದದ್ದು ಬೆಳಗ್ಗೆ 11 ಗಂಟೆ 44 ನಿಮಿಷಕ್ಕೆ. ಸುದ್ದಿ ಹೊರಬಿದ್ದದ್ದು ಮಧ್ಯಾಹ್ನ, ಮಠದ ಮಕ್ಕಳ ಪ್ರಸಾದವಾದ ಮೇಲೆ. ಹಾಗೆಯೇ ಮಾಡಬೇಕೆಂಬುದು ಅವರದೇ ಅಪ್ಪಣೆಯಾಗಿತ್ತು. ಅಲ್ಲಿ ಉಣ್ಣುವ ಮಕ್ಕಳು ಸುಮಾರು 10,000. ಜಾತಿ ಮತಗಳ ಭೇದವಿಲ್ಲದೆ ಬಂದ ಬಡವರ ಮಕ್ಕಳು. ಸುದ್ದಿ ಮೊದಲೇ ತಿಳಿದಿದ್ದರೆ ಅವರಲ್ಲಿ ಯಾರು ತಾನೆ ತುತ್ತನ್ನು ಬಾಯಿಗಿಡುತ್ತಿದ್ದರು? ತಮ್ಮ ಕಡೆಯ ಗಳಿಗೆಯಲ್ಲಿಯೂ ಆ ಮಕ್ಕಳ ಹೊತ್ತಿನ ಊಟ ತಪ್ಪಬಾರದೆಂದು ಯೋಚಿಸಿದವರು ಪೂಜ್ಯರು.

ಅವರನ್ನು ನಾಡಿನ ಜನ ನಡೆದಾಡುವ ದೇವರೆಂದು ಕರೆದರು. ಅದು ಭಕ್ತಿಯ ಮಾತು, ತಪ್ಪಲ್ಲ. ಆದರೆ ಅದರಲ್ಲಿ ನಮಗೊಂದು ಅಪಾಯವುಂಟು. ದೇವರೆಂದ ಮೇಲೆ ಕೈ ಮುಗಿದರೆ ತೀರಿತು. ಅವರಂತೆ ನಡೆಯುವುದು ನಮ್ಮಿಂದಾಗದೆಂದು ಹೇಳಿ ಜಾರಿಕೊಳ್ಳಬಹುದು. ಭಕ್ತರೆ, ಅವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದ ಒಂದು ಒಕ್ಕಲು ಮನೆಯಲ್ಲಿ. 1930ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣ. ಮಠದ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು ಲಿಂಗೈಕ್ಯರಾದಾಗ ಅಂತಿಮ ದರ್ಶನಕ್ಕೆಂದು ಬಂದವರು. ಶ್ರೀ ಉದ್ಧಾನ ಶಿವಯೋಗಿಗಳ ದೃಷ್ಟಿ ಅವರ ಮೇಲೆ ಬಿತ್ತು. ಹೊಣೆ ತಾನಾಗಿ ಎದುರಿಗೆ ಬಂದು ನಿಂತಾಗ ಅವರು ಬೆನ್ನು ತೋರಿಸಲಿಲ್ಲ. 1941ರಲ್ಲಿ ಮಠದ ಪೂರ್ಣ ಭಾರ ಹೆಗಲಿಗೆ ಬಂತು. ಹಳ್ಳಿಹಳ್ಳಿ ತಿರುಗಿ ಭಕ್ತರಿಂದ ದವಸಧಾನ್ಯ ತಂದು ಮಕ್ಕಳಿಗೆ ಉಣಬಡಿಸಿದರು. ದಿನದಿನದ ದುಡಿಮೆಯೇ ಅವರನ್ನು ದೊಡ್ಡವರನ್ನಾಗಿ ಮಾಡಿತು.

ಇನ್ನು ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ. ಹೋದ ವರ್ಷದ ಜಾತ್ರೆಯ ರಾತ್ರಿ ದಾಸೋಹದ ಹಿತ್ತಲಿಗೆ ಹೋಗಿದ್ದೆವು. ತಾಟುಗಳಲ್ಲಿ ಬಿಟ್ಟ ಅನ್ನ, ಗೋದಿಹುಗ್ಗಿ ಅಲ್ಲಿ ರಾಶಿ ಬಿದ್ದಿತ್ತು. ಬಡಿಸಿದವರನ್ನು ಕರೆದು ಗದರಿಸಬೇಕೆಂದುಕೊಂಡೆವು. ಅಷ್ಟರಲ್ಲಿ ಒಬ್ಬ ಮುದುಕಿ ಕಣ್ಣಿಗೆ ಬಿದ್ದಳು. ಆ ತಾಯಿ ತನ್ನ ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿದು, ತಾಟನ್ನು ಹಣೆಗೊತ್ತಿಕೊಂಡಳು. ನಮಗೆ ನಾಚಿಕೆಯಾಯಿತು. ಅದೇ ಸಂಜೆ ವೇದಿಕೆಯ ಮೇಲೆ, ಈ ಸಲ ಇಷ್ಟು ಚೀಲ ಅಕ್ಕಿ ಬೆಂದಿತೆಂದು ಹೆಮ್ಮೆಯಿಂದ ಸಾರಿದವರು ನಾವೇ ಅಲ್ಲವೆ? ಬೆಂದದ್ದನ್ನು ಎಣಿಸಿದೆವು, ಚೆಲ್ಲಿದ್ದನ್ನು ಎಣಿಸಲಿಲ್ಲ. ಅಂದಿನಿಂದ ಪೂಜೆ ಮುಗಿದೊಡನೆ ಅಡುಗೆಮನೆಗೆ ಹೋಗಿ, ಇಂದು ಎಷ್ಟು ಮಂದಿ ಎಂದು ಕೇಳಿ, ಅಕ್ಕಿ ಅಳೆಸುತ್ತಿದ್ದೇವೆ. ಇದು ಸಣ್ಣ ಕೆಲಸವೆಂದು ನಮಗೀಗ ತೋರುವುದಿಲ್ಲ.

ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ. ಪ್ರಸಾದವನ್ನು ಚೆಲ್ಲುವವನು ರೈತನ ಬೆವರನ್ನೂ ಚೆಲ್ಲುತ್ತಾನೆ, ಹಸಿದವನ ಪಾಲನ್ನೂ ಚೆಲ್ಲುತ್ತಾನೆ. ಹೊಣೆಯು ಪ್ರಸಾದದಲ್ಲಿಯೇ ಮುಗಿಯುವುದೂ ಇಲ್ಲ. ನಿಮ್ಮ ಹೊಲದಲ್ಲಿ ದುಡಿದವರ ಕೂಲಿ ಸಂಜೆಗೆ ಅವರ ಕೈ ಸೇರಿತೆ? ಮಠಕ್ಕೆ ಕಾಣಿಕೆ ಕೊಟ್ಟು ಆಳಿನ ಕೂಲಿ ಬಾಕಿ ಇಟ್ಟುಕೊಂಡವರ ಕಾಣಿಕೆ ನಮಗೆ ಬೇಡ. ಮೊದಲು ಆ ಬಾಕಿ ತೀರಿಸಿ ಬನ್ನಿ. ಓಣಿಯಲ್ಲಿ ಶಾಲೆ ಬಿಟ್ಟ ಮಗುವಿದ್ದರೆ ಅದರ ತಂದೆತಾಯಿಗಳೊಡನೆ ಮಾತನಾಡಿರಿ. ಅವರಿಂದಾಗದಿದ್ದರೆ ಮಗುವನ್ನು ಮಠಕ್ಕೆ ಕರೆತನ್ನಿ. ಮುಂದಿನದು ನಮ್ಮ ಹೊಣೆ.

ಪೂಜ್ಯರು 10,000 ಮಕ್ಕಳ ಹೊಣೆ ಹೊತ್ತರು. ನಾವು ಒಬ್ಬೊಬ್ಬರು ಒಂದು ಮಗುವಿನ ಹೊಣೆ ಹೊರಲಾರೆವೆ?

ಈಗ ಪ್ರಸಾದಕ್ಕೆ ಏಳೋಣ. ಬೇಕಾದಷ್ಟೇ ನೀಡಿಸಿಕೊಳ್ಳಿರಿ. ಇಂದು ಹಿತ್ತಲಿಗೆ ಮತ್ತೆ ನಾವೇ ಹೋಗಿ ನೋಡುವವರಿದ್ದೇವೆ. ಅಲ್ಲಿ ಒಂದು ಅಗುಳೂ ಕಾಣದಿದ್ದರೆ, ಪೂಜ್ಯರ ಸ್ಮರಣೆ ಸಾರ್ಥಕವಾಯಿತೆಂದು ತಿಳಿಯುತ್ತೇವೆ.