ಹಾರೋ ಹಕ್ಕಿ ನಮ್ಮ ಕೈಯಲ್ಲಿ
(ಕೋಡಿಹಳ್ಳಿಯ ಅಕ್ಕ ತಂಗಿಯರ ಮುಂದೆ ಆಡಿದ ಮಾತು)

ಜಟಾಯು ಕತೆ ನಿಮಗೆಲ್ಲ ಗೊತ್ತು. ರಾವಣ ಸೀತವ್ವನನ್ನು ಹೊತ್ತುಕೊಂಡು ಹೊರಟ. ಸೀತವ್ವ ಕೂಗಿಕೊಂಡಳು. ಆಗ ಅಡ್ಡ ಬಂದದ್ದು ಯಾರು? ಒಂದು ಮುದಿ ಹದ್ದು. ಈ ಕತೆಯನ್ನು ಬೊಂಬೆಯಾಟದಲ್ಲಿ ತೋರಿಸಬೇಕು ಅಂದ್ರೆ ಹದ್ದು ಹಾರಬೇಕು. ಬೊಂಬೆ ಹಾರೋದು ಹೇಗೆ? ಇವತ್ತು ಅದನ್ನೇ ಕಲಿಯೋಣ.

ಬೊಂಬೆ ಆಡಿಸೋದು ಗಂಡಸರ ಕೆಲಸ ಅಂತ ಯಾರಾದರೂ ಅಂದಾರು. ಅಂಥವರಿಗೆ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ಹೆಸರು ಹೇಳಿ. ಅವರು ತೊಗಲು ಬೊಂಬೆಯಲ್ಲಿ ರಾಮಾಯಣ, ಮಹಾಭಾರತ ಆಡಿಸಿದವರು. ತೊಂಬತ್ತು ವರ್ಷ ದಾಟಿದ ಮೇಲೆ, 2025ರಲ್ಲಿ, ಅವರಿಗೆ ಪದ್ಮಶ್ರೀ ಬಂತು. ತೊಗಲು ಬೊಂಬೆ ಪರದೆಯ ಹಿಂದೆ ಬೆಳಕಿನಲ್ಲಿ ಆಡುತ್ತೆ. ನಾವು ಮಾಡೋದು ದಾರದ ಬೊಂಬೆ.

ಮೊದಲು ಮೈ. ಹಳೇ ಪೇಪರನ್ನು ಮುದುರಿ ದಾರ ಸುತ್ತಿ. ಒಂದು ಗೇಣು ಉದ್ದ ಸಾಕು. ಅದಕ್ಕೇ ಕತ್ತು, ತಲೆ, ಬಾಲ ಸೇರಿಸಿ. ಮೇಲೆ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಎರಡು ಪದರ ಅಂಟಿಸಿ, ಒಣಗಿಸಿ. ಬೊಂಬೆ ಹಗುರ ಇರಬೇಕು. ಭಾರವಾದರೆ ಕೈ ಸೋಲುತ್ತೆ.

ಆಮೇಲೆ ರೆಕ್ಕೆ. ಒಂದೊಂದು ರೆಕ್ಕೆ ಎರಡು ಗೇಣು. ಅದನ್ನು ಒಂದೇ ತುಂಡಾಗಿ ಮಾಡಬೇಡಿ. ಒಳಗಿನ ತುಂಡು ಒಂದು ಗೇಣು, ಹೊರಗಿನ ತುಂಡು ಒಂದು ಗೇಣು. ಮುರಿದ ಚಂದ್ರಿಕೆಯ ಬಿದಿರು ಕಡ್ಡಿಯಿಂದ ಚೌಕಟ್ಟು ಕಟ್ಟಿ. ಹಳೇ ಸೀರೆ ಬಟ್ಟೆ ಹೊಲಿಯಿರಿ. ಎರಡು ತುಂಡಿನ ನಡುವೆ ಒಂದು ಬೆರಳು ಜಾಗ ಬಿಡಿ. ಅಲ್ಲಿ ಬಟ್ಟೆ ಮಾತ್ರ ಇರಲಿ. ಅದೇ ಕೀಲು. ರೆಕ್ಕೆ ಎದ್ದಾಗ ತುದಿ ಸ್ವಲ್ಪ ತಡವಾಗಿ ಏಳುತ್ತೆ. ಆ ತಡದಲ್ಲೇ ಜೀವ ಕಾಣೋದು. ಮೈಗೂ ರೆಕ್ಕೆಗೂ ಹೀಗೇ ಬಟ್ಟೆಯ ಕೀಲು ಇರಲಿ.

ಇನ್ನು ದಾರ. ಎರಡು ಕೋಲು ಬೇಕು. ಒಂದು ಗೇಣಿನದು ಮೈಕೋಲು. ಅದರಿಂದ ಕತ್ತಿಗೊಂದು, ಬಾಲಕ್ಕೊಂದು ದಾರ. ಎರಡು ಗೇಣಿನದು ರೆಕ್ಕೆಕೋಲು. ಅದರ ಎರಡು ತುದಿಯಿಂದ ಎರಡು ರೆಕ್ಕೆಯ ನಡುಕೀಲಿನ ಹತ್ತಿರಕ್ಕೆ ದಾರ. ತೂಗುಹಾಕಿ ನೋಡಿ. ಕೊಕ್ಕು ಕೆಳಗೆ ಬಾಗಿದರೆ ಬಾಲಕ್ಕೆ ಚೂರು ಜೇಡಿಮಣ್ಣು ಮೆತ್ತಿ. ದಾರ ಕಪ್ಪಾಗಿರಲಿ, ಹಿಂದಿನ ಬಟ್ಟೆಯೂ ಕಪ್ಪಾಗಿರಲಿ. ಮಿಂಚೋ ನೈಲಾನ್ ದಾರ ಬೇಡ.

ಈಗ ಹಾರಿಸೋಣ. ಎಡಗೈಲಿ ಮೈಕೋಲು, ಬಲಗೈಲಿ ರೆಕ್ಕೆಕೋಲು. ಬಲಗೈ ಎತ್ತಿದರೆ ರೆಕ್ಕೆ ಏಳುತ್ತೆ. ಇಳಿಸಿದರೆ ಬೀಳುತ್ತೆ. ಗುಟ್ಟು ಎಡಗೈಲಿದೆ. ರೆಕ್ಕೆ ಕೆಳಗೆ ಬಡಿದಾಗ ಮೈಯನ್ನು ಸ್ವಲ್ಪ ಮೇಲೆತ್ತಿ. ರೆಕ್ಕೆ ಎದ್ದಾಗ ಮೈ ಸ್ವಲ್ಪ ಇಳಿಸಿ. ಗಾಳಿಯನ್ನು ತಳ್ಳಿಕೊಂಡೇ ಹಕ್ಕಿ ಮೇಲೇಳೋದು, ಅಲ್ವಾ?

ಗುಬ್ಬಿ ಬಡಿದ ಹಾಗೆ ಪಟಪಟ ಬಡಿಸಬೇಡಿ. ಹದ್ದು ನಾಲ್ಕು ಸಲ ಬಡಿದು ರೆಕ್ಕೆ ಚಾಚಿ ತೇಲುತ್ತೆ. ರಾವಣ ರೆಕ್ಕೆ ಕಡಿಯೋದು ತೋರಿಸೋಕೆ ಒಂದು ರೆಕ್ಕೆಯ ದಾರಕ್ಕೆ ಗಂಟು ಬೇಡ, ಕುಣಿಕೆ ಹಾಕಿ. ಕುಣಿಕೆ ಜಾರಿಸಿದರೆ ರೆಕ್ಕೆ ಜೋತುಬೀಳುತ್ತೆ. ಮೈಯನ್ನು ಸುತ್ತಿಸುತ್ತಾ ಮೆಲ್ಲಗೆ ಇಳಿಸಿ. ನೋಡೋರ ಕಣ್ಣಲ್ಲಿ ನೀರು ಬರುತ್ತೆ.

ನಿಜವಾದ ರಣಹದ್ದು ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲೇ ಇದ್ದವು. 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮ ಅಂತ ಸರ್ಕಾರ ಘೋಷಿಸಿತು. ಆದರೆ ದೇಶದಲ್ಲೆಲ್ಲ ಹದ್ದುಗಳು ಸತ್ತು ಕಮ್ಮಿಯಾಗಿವೆ. ಯಾಕೆ? ದನಕ್ಕೆ ನೋವು ಕಳೆಯೋಕೆ ಡೈಕ್ಲೋಫೆನಾಕ್ ಅನ್ನೋ ಔಷಧಿ ಕೊಡ್ತಿದ್ದರು. ಆ ದನ ಸತ್ತರೆ ಔಷಧಿ ಮಾಂಸದಲ್ಲಿ ಉಳಿಯುತ್ತೆ. ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹದ್ದು ಸಾಯುತ್ತೆ. 2006ರಲ್ಲೇ ದನಗಳಿಗೆ ಈ ಔಷಧಿ ಕೊಡಬಾರದು ಅಂತ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆ ಅಂತ ಮಾರೋ ಔಷಧಿಯನ್ನೂ ದನಕ್ಕೆ ಕೊಡಬೇಡಿ.

ಹಟ್ಟಿಯಲ್ಲಿ ದನ ನೋಡಿಕೊಳ್ಳೋರು ನಾವೇ ತಾನೇ? ಔಷಧಿ ತರುವಾಗ ಹೆಸರು ಕೇಳಿ. ಚೀಟಿಯಲ್ಲಿ ಬರೆದುಕೊಳ್ಳಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ! ಡೈಕ್ಲೋಫೆನಾಕ್ ಅಂದರೆ ಬೇಡ ಅನ್ನಿ. ಬೇರೆ ಔಷಧಿ ಯಾವುದು ಅಂತ ದನದ ಡಾಕ್ಟರನ್ನು ಕೇಳಿ.

ಹೆಣ್ಣಿನ ಕೂಗು ಕೇಳಿ ಜಟಾಯು ಓಡಿಬಂದ. ಜಟಾಯುವಿನ ಕುಲಕ್ಕೆ ಕಷ್ಟ ಬಂದಾಗ ನಾವೂ ನಿಲ್ಲಬೇಕು. ಬೊಂಬೆ ಕಟ್ಟಿ. ಈ ಕತೆಯನ್ನು ನಿಮ್ಮ ಬೀದಿಯಲ್ಲೇ ಆಡಿಸಿ.