ಕಳೆಗೆ ಮಾಡಿದ ಸಾಲ

(ರೈತರ ಸಭೆಯಲ್ಲಿ ಆಡಿದ ಮಾತು)



ಮೆಕ್ಕೆಜೋಳಕ್ಕೆ ಕಳೆಯ ಕಾಟ ಕೊನೆತನಕ ಇರೋದಿಲ್ಲ. ಬಿತ್ತಿದ ಮೇಲೆ ಮೊದಲ 40 ದಿನ ಹೊಲ ಹಸನಾಗಿದ್ದರೆ ಸಾಕು, ಆಮೇಲೆ ಬೆಳೆಯ ನೆರಳೇ ಕಳೆಯನ್ನು ಅಡಗಿಸುತ್ತದೆ. ನಾವು ಮಾಡುವುದೇನು? ಕೂಲಿಗೆ ದುಡ್ಡಿಲ್ಲವೆಂದು ತಡಮಾಡಿ, ಕಳೆ ಮೊಣಕಾಲು ಮುಟ್ಟಿದ ಮೇಲೆ ಸಾಲ ತಂದು ಆಳು ಹಚ್ಚುತ್ತೇವೆ. ಅಷ್ಟರಲ್ಲಿ ಉದ್ರಿ ತಂದ ಯೂರಿಯಾದಲ್ಲಿ ಕಳೆ ತನ್ನ ಪಾಲು ತಿಂದಿರುತ್ತದೆ.

ಅಟ್ರಾಜಿನ್ ಹೊಡೀತೀವಿ ಅನ್ನುವವರು ಕೇಳಿ. ಬಿತ್ತಿದ ಎರಡು-ಮೂರು ದಿನದೊಳಗೆ, ನೆಲದಲ್ಲಿ ಹಸಿ ಇದ್ದಾಗ ಹೊಡೆಯಬೇಕು. ಒಣ ಮಣ್ಣಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಜೇಕು ಅದಕ್ಕೆ ಬಗ್ಗುವುದಿಲ್ಲ. ನಡುವೆ ತೊಗರಿ ಹಾಕಿದವರು ಮುಟ್ಟಲೇಬೇಡಿ, ತೊಗರಿಯೇ ಸುಟ್ಟುಹೋದೀತು. ಅಂಗಡಿಯವನು ಇದನ್ನೆಲ್ಲ ಹೇಳಲಿಕ್ಕಿಲ್ಲ. ಅವನಿಗೆ ಮಾಲು ಖರ್ಚಾದರೆ ಆಯಿತು.

20ನೇ ದಿನದ ಹೊತ್ತಿಗೆ ಒಮ್ಮೆ, 35ಕ್ಕೆ ಇನ್ನೊಮ್ಮೆ ಎಡೆಕುಂಟೆ ಹೊಡೆಯಿರಿ. ಎತ್ತಿಲ್ಲದವರು ನೆರೆಯವರೊಡನೆ ಮುಯ್ಯಿ ಮಾಡಿಕೊಳ್ಳಿ. ಸಾಲಿನೊಳಗೆ ಗಿಡದ ಬುಡಕ್ಕೆ ಉಳಿದದ್ದನ್ನಷ್ಟೇ ಕೈಯಲ್ಲಿ ತೆಗೆದರಾಯಿತು. ಮೇಲುಗೊಬ್ಬರ ಕಳೆ ತೆಗೆದ ಮೇಲೆಯೇ.

2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ಲೆಕ್ಕದಲ್ಲಿ ಮನೆಮಂದಿ ಕಿತ್ತ ಕಳೆಯ ಕೂಲಿ ಸೇರುತ್ತದೆ, ಸ್ವಂತ ನೆಲದ ಗೇಣಿ ಸೇರುವುದಿಲ್ಲ. ಈ ಸಲ ಕಳೆಗೆ ಎಷ್ಟು ಆಳು, ಎಷ್ಟು ಕೂಲಿ, ಯಾರ ಹತ್ತಿರ ಸಾಲ ಎಂಬುದನ್ನು ಬರೆದಿಟ್ಟು ಮುಂದಿನ ಸಭೆಗೆ ತನ್ನಿ. ಬೆಲೆ ಕೇಳಲು ಹೋದಾಗ ಆ ಚೀಟಿ ನಮಗೆ ಬೇಕು.